ಕಾರಿನ ರೇಡಿಯೋ ಮಾತು ನಿಲ್ಲಿಸಿದಾಗ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಪಂಡಿತನೊಬ್ಬ ಕಾರಿನ ರೇಡಿಯೋ ಕೆಟ್ಟರೆ ಏನು ಮಾಡಬೇಕೆಂಬುದನ್ನು ಹೇಳಹೊರಟಿದ್ದಾನೆಂದರೆ ನಿಮಗೆ ಆಶ್ಚರ್ಯವಾಗಬಹುದು. ಸಂಧಿ ಸಮಾಸಗಳನ್ನು ಬಿಡಿಸುವವನಿಗೆ ವಿದ್ಯುತ್ತಿನ ತಂತಿಯೊಡನೆ ಏನು ಕೆಲಸ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಯಂತ್ರ ಬಲ್ಲವನಲ್ಲ. ಆದರೆ ಹೋದ ಮಳೆಗಾಲದಲ್ಲಿ ನನ್ನ ಕಾರಿನ ರೇಡಿಯೋ ನನಗೊಂದು ಪಾಠ ಕಲಿಸಿತು. ಆ ಪಾಠಕ್ಕೆ ನಾನು ತೆತ್ತ ಶುಲ್ಕ ಹಣವಲ್ಲ. ತಪ್ಪಿಲ್ಲದ ಒಬ್ಬ ಹುಡುಗನ ಮೇಲೆ ಕಳವಿನ ಮಾತು ಆಡಿದ ನಾಚಿಕೆ. ಅಂಥ ಶುಲ್ಕವನ್ನು ನೀವು ತೆರುವಂತಾಗಬಾರದೆಂದು ಈ ನಾಲ್ಕು ಮಾತು.

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಇಲ್ಲಿ ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬಾಗಿಲ ಬೀಗ, ಬಾವಿಯ ಗಡಗಡೆ, ಕಿಟಕಿಯ ಸರಳು ಎಲ್ಲಕ್ಕೂ ತುಕ್ಕು ಹತ್ತಿರದ ನೆಂಟ. ಹದಿನೈದು ಮಳೆಗಾಲ ಕಂಡ ನನ್ನ ಪುಟ್ಟ ಕಾರಿಗೂ ಈ ನೆಂಟಸ್ತನ ತಪ್ಪಲಿಲ್ಲ. ಎಡಗಡೆ ಕಾಲಿಡುವ ಜಾಗದ ತಗಡು ತೂತುಬಿದ್ದು ಕೆಳಗಿನ ರಸ್ತೆ ಕಾಣುತ್ತಿತ್ತು. ಅದೇ ಕಡೆಯ ಮುಂದಿನ ಮಡ್‌ಗಾರ್ಡು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕಾರನ್ನು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸಕ್ಕೆಂದು ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು, ಮಡ್‌ಗಾರ್ಡು ಬದಲಿಸಿದರು, ಒಳಗೂ ಹೊರಗೂ ಬಣ್ಣ ಹೊಡೆದರು. ಮೂರು ವಾರದ ಮೇಲೆ ಹೊರಬಂದ ಕಾರು ಮದುವಣಿಗನಂತೆ ಹೊಳೆಯುತ್ತಿತ್ತು. ಹೇಳಿದ ಹಣವನ್ನು ಸಂತೋಷದಿಂದಲೇ ಕೊಟ್ಟು ಸಂಜೆ ಮನೆಯ ಕಡೆಗೆ ಹೊರಟೆ.

ದಾರಿಯಲ್ಲಿ ರೇಡಿಯೋ ಹಾಕಿದೆ. ಮೊದಲು ಕಂಡ ಕುಂದೆಂದರೆ ಎಡ ಬಾಗಿಲಿನ ಸ್ಪೀಕರಿನಿಂದ ಸದ್ದೇ ಇಲ್ಲ. ಎರಡನೆಯದಾಗಿ, ಊರೊಳಗೇ ಇದ್ದರೂ ನಿಲಯದ ಧ್ವನಿ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎನ್ನುತ್ತಿತ್ತು. ಅಷ್ಟರಲ್ಲಿ ಮಳೆ ಜೋರಾಯಿತು. ಗಾಜಿನ ಒಳಗೆ ಮಂಜು ಕವಿಯಿತು. ಅದನ್ನು ಹೋಗಲಾಡಿಸಲು ಗಾಳಿ ಬೀಸುವ ಫ್ಯಾನಿನ ಗುಂಡಿ ತಿರುಗಿಸಿದೆ. ಕೂಡಲೇ ರೇಡಿಯೋ ಆರಿಹೋಯಿತು! ಫ್ಯಾನು ನಿಲ್ಲಿಸಿದರೆ ಮತ್ತೆ ಮಾತು. ಫ್ಯಾನು ಹಾಕಿದರೆ ಮೌನ. ಆ ಫ್ಯಾನೂ ಹಿಂದಿನ ಹುರುಪಿನಿಂದ ತಿರುಗುತ್ತಿರಲಿಲ್ಲ.

ಮನುಷ್ಯನ ಮನಸ್ಸು ನೋಡಿ. ಯಂತ್ರದಲ್ಲಿ ಏನಾಗಿದೆ ಎಂದು ಕೇಳುವುದಕ್ಕೆ ಮೊದಲೇ ಯಾರು ಮಾಡಿದರು ಎಂದು ಕೇಳಿತು. ತಗಡು ಬೆಸೆಯುವಾಗ ರೇಡಿಯೋ ಸೆಟ್ಟನ್ನು ಹೊರಗೆ ತೆಗೆದಿಟ್ಟಿದ್ದರು. ತೆಗೆದವನು ನಮ್ಮ ಶಾಲೆಯಲ್ಲೇ ಓದಿ, ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡದೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ. ನನ್ನ ಒಳ್ಳೆಯ ಸೆಟ್ಟನ್ನು ಇಟ್ಟುಕೊಂಡು ಅದೇ ರೂಪಿನ ಹಳೆಯದೊಂದನ್ನು ಕೂರಿಸಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ. ರಾತ್ರಿಯೇ ಗ್ಯಾರೇಜಿನ ಯಜಮಾನರಿಗೆ ಫೋನು ಮಾಡಿ, “ನಿಮ್ಮ ಹುಡುಗ ಸೆಟ್ಟು ಬದಲಿಸಿದ್ದಾನೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾಗಿದ್ರೆ ನಾಳೆಯಿಂದ ಅವನು ಕೆಲಸಕ್ಕೆ ಬೇಡ ಸಾರ್” ಎಂದರು. ಆ ಮಾತು ಕೇಳಿ ನನಗೆ ಆಗ ಸಮಾಧಾನವೇ ಆಯಿತೆಂದು ಒಪ್ಪಿಕೊಳ್ಳಬೇಕು.

ಮರುದಿನ ಬೆಳಗ್ಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮನೆಗೆ ಬಂದರು. ಕಥೆಯೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪಂಡಿತರೇ, ಸೆಟ್ಟಿನ ಬಿಲ್ಲು ಇದೆಯೇ? ಅದರಲ್ಲಿ ಸೆಟ್ಟಿನ ನಂಬರು ಬರೆದಿರುತ್ತದಲ್ಲ?” ಬಿಲ್ಲು ಹುಡುಕಿ ತಂದೆ. ಸೆಟ್ಟನ್ನು ಜಾಗದಿಂದ ಹೊರಗೆಳೆದು ಬೆನ್ನಿನ ಮೇಲಿನ ನಂಬರು ನೋಡಿದರು. ಒಂದಂಕಿಯೂ ಬೇರೆಯಿರಲಿಲ್ಲ. ಅದು ನನ್ನ ಸೆಟ್ಟೇ.

ಸೆಟ್ಟು ಅದೇ ಆಗಿದ್ದರೆ ಕೇಡು ಎಲ್ಲಿದೆ? ಇದಕ್ಕೆ ಉತ್ತರ ಬೇಕಾದರೆ ಕಾರಿನಲ್ಲಿ ವಿದ್ಯುತ್ತು ಹೇಗೆ ಓಡಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

ವಿದ್ಯುತ್ತು ಹೋಗಿ ಅಲ್ಲೇ ಉಳಿಯುವ ಪದಾರ್ಥವಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟು, ಕೆಲಸ ಮಾಡಿ, ಇನ್ನೊಂದು ತುದಿಗೆ ಹಿಂದಿರುಗಲೇಬೇಕು. ಹೋಗುವ ದಾರಿ ಎಷ್ಟು ಮುಖ್ಯವೋ ಬರುವ ದಾರಿಯೂ ಅಷ್ಟೇ ಮುಖ್ಯ. ಮನೆಯ ದೀಪವನ್ನು ನೋಡಿ: ಅದಕ್ಕೆ ಎರಡು ತಂತಿಗಳಿರುತ್ತವೆ. ಕಾರಿನಲ್ಲಾದರೋ ಹಲವು ಉಪಕರಣಗಳಿಗೆ ಹೋಗುವ ತಂತಿಯೊಂದೇ ದೂರದಿಂದ ಬರುತ್ತದೆ. ಹಿಂದಿರುಗುವ ತಂತಿ ಗೇಣುದ್ದ ಹೋಗಿ ಕಾರಿನ ತಗಡಿಗೆ ಸ್ಕ್ರೂವಿನಿಂದ ಸೇರಿಬಿಡುತ್ತದೆ. ಬ್ಯಾಟರಿಯ ಋಣ ತುದಿಯನ್ನೂ ಅದೇ ತಗಡಿಗೆ ಕಟ್ಟಿರುತ್ತಾರೆ. ಹೀಗೆ ಕಾರಿನ ಇಡೀ ಒಡಲೇ ಒಂದು ದೊಡ್ಡ ತಂತಿ. ಇದನ್ನೇ ಗ್ಯಾರೇಜಿನವರು ‘ಬಾಡಿ ಅರ್ತ್’ ಎನ್ನುತ್ತಾರೆ. ಹಿಂದಿನ ಕೆಲವು ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯನ್ನು ಒಡಲಿಗೆ ಕಟ್ಟುತ್ತಿದ್ದುದೂ ಉಂಟು. ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಕಾರುಗಳಲ್ಲಿ ಒಡಲು ಋಣವೆಂದೇ ಲೆಕ್ಕ.

ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಸಾಟಿಯುಂಟು. “ನಾಳೆ ಬರುತ್ತೇನೆ” ಎಂಬ ವಾಕ್ಯದಲ್ಲಿ “ನಾನು” ಎಂಬ ಪದ ಇಲ್ಲ. ಆದರೂ ಅರ್ಥ ಕೆಡುವುದಿಲ್ಲ. ಕೇಳುವವನು ಆ ಪದವನ್ನು ತಾನೇ ತಂದುಕೊಳ್ಳುತ್ತಾನೆ. ಇದಕ್ಕೆ ಅಧ್ಯಾಹಾರ ಎಂದು ಹೆಸರು. ಕಾರಿನ ಒಡಲು ಅಂಥ ಅಧ್ಯಾಹಾರದ ತಂತಿ. ಕಣ್ಣಿಗೆ ತಂತಿಯಾಗಿ ಕಾಣುವುದಿಲ್ಲ; ಆದರೆ ಅದಿಲ್ಲದೆ ವಾಕ್ಯ ಪೂರ್ತಿಯಾಗುವುದಿಲ್ಲ. ಕಾಣದ ವಸ್ತುವಾದುದರಿಂದಲೇ ಅದು ಕೆಟ್ಟಾಗ ಯಾರೂ ಅದನ್ನು ಮೊದಲು ನೋಡುವುದಿಲ್ಲ.

ಈಗ ಬಣ್ಣದ ವಿಷಯ. ಬಣ್ಣ, ಪ್ರೈಮರು, ಪಟ್ಟಿ ಇವೆಲ್ಲ ವಿದ್ಯುತ್ತಿಗೆ ಗೋಡೆಗಳು. ಸ್ಕ್ರೂವಿನ ಕೆಳಗೆ ತಗಡು ಬತ್ತಲೆಯಾಗಿದ್ದರೆ ಮಾತ್ರ ವಿದ್ಯುತ್ತು ತಂತಿಯಿಂದ ಒಡಲಿಗೆ ದಾಟೀತು. ನಡುವೆ ತೆಳ್ಳನೆಯ ಬಣ್ಣದ ಪೊರೆ ಬಂದರೂ ದಾರಿ ಕಟ್ಟಿಹೋಗುತ್ತದೆ. ಸ್ಕ್ರೂವಿನ ಮರೆಗಳು ಅಲ್ಲಲ್ಲಿ ಬಣ್ಣವನ್ನು ಕೆರೆದು ತಗಡನ್ನು ಮುಟ್ಟಿದರೆ ಪೂರಾ ಕಟ್ಟದೆ ಇಕ್ಕಟ್ಟಾಗುತ್ತದೆ. ಈ ಇಕ್ಕಟ್ಟೇ ಹೆಚ್ಚು ಮೋಸದ್ದು. ಸ್ವಲ್ಪ ಪ್ರವಾಹ ಹರಿಯುವಾಗ ಎಲ್ಲ ಸರಿಯಾಗಿರುವಂತೆ ತೋರುತ್ತದೆ. ಹೆಚ್ಚು ಬೇಕಾದಾಗ ಕೈಕೊಡುತ್ತದೆ.

ಮೇಷ್ಟ್ರು ತಮ್ಮ ಪ್ರಯೋಗಶಾಲೆಯ ಮಲ್ಟಿಮೀಟರನ್ನು ತಂದು ಇದನ್ನೇ ಅಂಕಿಗಳಲ್ಲಿ ತೋರಿಸಿದರು. ಎಂಜಿನು ನಿಲ್ಲಿಸಿ, ಕೀಲಿ ತಿರುಗಿಸಿ, ಫ್ಯಾನು ಹಾಕಿದರು. ಬ್ಯಾಟರಿಯ ಎರಡು ತುದಿಗಳ ನಡುವೆ ೧೨.೪ ವೋಲ್ಟು. ಅದೇ ಹೊತ್ತಿನಲ್ಲಿ ಸೆಟ್ಟಿನ ಹಿಂದಿನ ಧನ ತಂತಿ ಮತ್ತು ಕಪ್ಪು ತಂತಿಯ ನಡುವೆ ೯.೩ ವೋಲ್ಟು ಮಾತ್ರ. ಉಳಿದ ೩.೧ ವೋಲ್ಟು ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಸೆಟ್ಟಿನ ಕಪ್ಪು ತಂತಿಗೂ ಇಟ್ಟರು. ಸರಿಯಾದ ಕಾರಿನಲ್ಲಿ ಅಲ್ಲಿ ಸೊನ್ನೆ, ಹೆಚ್ಚೆಂದರೆ ವೋಲ್ಟಿನ ಹತ್ತನೆಯ ಒಂದು ಎರಡು ಭಾಗ ಕಾಣಬೇಕು. ನನ್ನ ಕಾರಿನಲ್ಲಿ ಕಳೆದುಹೋದ ೩.೧ ವೋಲ್ಟೂ ಅಲ್ಲೇ ಕಂಡಿತು. ಬರುವ ದಾರಿಯಲ್ಲಿ ಸುಂಕದ ಕಟ್ಟೆಯೊಂದು ಎದ್ದಿತ್ತು. ಸೆಟ್ಟಿನ ಮತ್ತು ಫ್ಯಾನಿನ ಕಪ್ಪು ತಂತಿಗಳು ಎಲ್ಲೋ ಒಂದೇ ಬೋಲ್ಟಿಗೆ ಸೇರಿವೆ; ಫ್ಯಾನು ಎಳೆಯುವ ಪ್ರವಾಹಕ್ಕೆ ಆ ಕಟ್ಟೆಯಲ್ಲಿ ಸುಂಕ ಹೆಚ್ಚಿ ಸೆಟ್ಟಿಗೆ ಉಣಿಸಿಲ್ಲದಂತಾಗುತ್ತದೆ. ಕಾರಿನ ಸೆಟ್ಟುಗಳಲ್ಲಿ ಅನೇಕವು ಸುಮಾರು ೧೧ ವೋಲ್ಟಿಗಿಂತ ಕೆಳಗಿಳಿದರೆ ಕೆಲಸ ಮಾಡುವುದಿಲ್ಲ.

“ಹಾಗಾದರೆ ಆ ಹುಡುಗ?” ಎಂದೆ. ಮೇಷ್ಟ್ರು ಉತ್ತರ ಹೇಳಲಿಲ್ಲ. ಇಬ್ಬರೂ ಕಾರು ಹತ್ತಿ ಗ್ಯಾರೇಜಿಗೆ ಹೋದೆವು.

ಹುಡುಗ ಗೋಡೆಯ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಅಂದು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಮೇಷ್ಟ್ರು ಅಂಕಿಗಳನ್ನು ಹೇಳಿದರು. ಅವನು ಮೀಟರು ಹಿಡಿದವನಲ್ಲ. ಆದರೆ ಫ್ಯಾನು ಹಾಕಿದರೆ ಸೆಟ್ಟು ಆರುತ್ತದೆ ಎಂದ ಕೂಡಲೇ ತಲೆಯೆತ್ತಿದ. ಎಡಗಡೆ ಕಾಲಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಹತ್ತನೇ ನಂಬರಿನ ಸ್ಪ್ಯಾನರಿನಿಂದ ಒಂದು ಬೋಲ್ಟು ಬಿಚ್ಚಿದ. ನಾಲ್ಕಾರು ಕಪ್ಪು ತಂತಿಗಳ ಕಿವಿಗಳು ಆ ಒಂದೇ ಬೋಲ್ಟಿಗೆ ಪೋಣಿಸಿದ್ದವು. ಕೆಳಗೆ ಹೊಸ ತಗಡು. ಅದರ ಮೇಲೆ ಹೊಸ ಬಣ್ಣ, ಕನ್ನಡಿಯಂತೆ ನುಣುಪಾಗಿ. “ಇಲ್ಲಿ ಬಣ್ಣ ಕೂತಿದೆ ಸಾರ್, ಅರ್ತ್ ಸಿಗ್ತಿಲ್ಲ” ಎಂದ. ಎಮರಿ ಕಾಗದದಿಂದ ರೂಪಾಯಿ ಅಗಲದಷ್ಟು ಜಾಗವನ್ನು ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದ. ತಂತಿಯ ಕಿವಿಗಳನ್ನೂ ಉಜ್ಜಿದ. ಬೋಲ್ಟನ್ನು ಬಿಗಿಮಾಡಿ, ಮಳೆನಾಡಿನ ತುಕ್ಕು ಮತ್ತೆ ಬಾರದಂತೆ ಮೇಲೆ ಗ್ರೀಸು ಸವರಿದ. ಹತ್ತು ನಿಮಿಷದ ಕೆಲಸ. ಫ್ಯಾನು ಹಾಕಿದೆ, ರೇಡಿಯೋ ಮಾತಾಡುತ್ತಲೇ ಇತ್ತು.

ಯಜಮಾನರೆದುರಿನಲ್ಲಿ ನಾನು ಆ ಹುಡುಗನ ಕ್ಷಮೆ ಕೇಳಿದೆ. “ನಿನ್ನ ಮೇಲೆ ಸುಳ್ಳು ಹೇಳಿದೆನಪ್ಪ, ತಪ್ಪಾಯಿತು” ಎಂದೆ. ಅವನು ನೆಲ ನೋಡುತ್ತ, “ಬಿಡಿ ಸಾರ್” ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಅವನು ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಇದರಲ್ಲಿ ತಪ್ಪು ಯಾರದೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಬಣ್ಣ ಹೊಡೆದವನು ತಗಡಿನ ಒಂದು ಎಳ್ಳಿನಷ್ಟು ಜಾಗವನ್ನೂ ಬತ್ತಲೆ ಬಿಡಬಾರದು. ಬಿಟ್ಟರೆ ಅಲ್ಲಿ ತುಕ್ಕು ಹುಟ್ಟುತ್ತದೆ. ವಿದ್ಯುತ್ತಿನ ಕೆಲಸದವನಿಗೆ ಒಂದು ಜಾಗವಾದರೂ ಬತ್ತಲೆ ಬೇಕು. ಇಲ್ಲವಾದರೆ ಪ್ರವಾಹ ಹರಿಯದು. ಒಬ್ಬನ ಕಸುಬಿನ ಗುಣ ಇನ್ನೊಬ್ಬನ ಕಸುಬಿಗೆ ದೋಷ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಒಬ್ಬನ ಕೆಲಸ ಮುಗಿದು ಇನ್ನೊಬ್ಬನದು ತೊಡಗುವ ಕೂಡುವೆಡೆಯನ್ನು ನೋಡುವವರು ಮಾತ್ರ ಇರಲಿಲ್ಲ. ಕಾರಿನ ಒಡಲಿನ ಕೆಲಸವಾದ ಮೇಲೆ ರೇಡಿಯೋ ಕೆಟ್ಟರೆ ಸೆಟ್ಟಿನ ಹೊಟ್ಟೆಯಲ್ಲಿ ಹುಡುಕುವ ಮೊದಲು ಇಂಥ ಕೂಡುವೆಡೆಗಳಲ್ಲಿ ಹುಡುಕಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಕಠಿಣವಾದ ಪದ್ಯವನ್ನು ಅನ್ವಯಿಸುವಾಗ ಮೊದಲು ಕ್ರಿಯಾಪದ ಹಿಡಿಯುತ್ತೇವೆ. ಅನಂತರ ಯಾರು, ಏನನ್ನು, ಯಾವುದರಿಂದ ಎಂದು ಒಂದೊಂದಾಗಿ ಕೇಳುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲ ಪ್ರಶ್ನೆ: ಗ್ಯಾರೇಜಿನವರು ಯಾವ ಯಾವ ಭಾಗಗಳನ್ನು ಬಿಚ್ಚಿದರು, ಎಲ್ಲೆಲ್ಲಿ ಬಣ್ಣ ಹೊಡೆದರು? ಕೈ ಆಡಿದ ಕಡೆಯೇ ಕೇಡು ಹುಟ್ಟುವುದು ಹೆಚ್ಚು. ಎರಡನೆಯದು: ಸೆಟ್ಟು ಪೂರಾ ಸತ್ತಿದೆಯೋ, ಆಗಾಗ ಆರುತ್ತದೆಯೋ, ಜೀವವಿದ್ದೂ ಸದ್ದಿಲ್ಲವೋ, ಸದ್ದಿದ್ದೂ ನಿಲಯ ಸಿಗುವುದಿಲ್ಲವೋ? ಈ ನಾಲ್ಕು ಬೇರೆ ಬೇರೆ ರೋಗಗಳು. ಹೆಸರಿಡದೆ ಮದ್ದು ಕೊಡಬಾರದು.

ಸೆಟ್ಟು ಪೂರಾ ಸತ್ತಿದ್ದರೆ ಮೊದಲು ಫ್ಯೂಸು ನೋಡಿ. ಅದು ಕಾರಿನ ಫ್ಯೂಸಿನ ಪೆಟ್ಟಿಗೆಯಲ್ಲೊಂದು, ಎಷ್ಟೋ ಸೆಟ್ಟುಗಳ ಬೆನ್ನಿನ ಮೇಲೆ ಇನ್ನೊಂದು ಇರುತ್ತದೆ. ಅಲಗಿನಂಥ ಕಾಲುಗಳಿರುವ ಫ್ಯೂಸುಗಳಿಗೆ ಬಣ್ಣವೇ ಗುರುತು: ೧೦ ಆಂಪಿಯರಿನದು ಕೆಂಪು, ೧೫ರದು ನೀಲಿ, ೨೦ರದು ಹಳದಿ, ೩೦ರದು ಹಸಿರು. ಸುಟ್ಟುಹೋದುದರ ಜಾಗಕ್ಕೆ ಅದೇ ಅಳತೆಯದನ್ನೇ ಹಾಕಿ. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ಒಂದು ತಂತಿ ಒಡಲನ್ನು ಮುಟ್ಟುತ್ತಿದೆ ಎಂದೇ ಅರ್ಥ. ಒಳಹೊದಿಕೆ ಕೂರಿಸುವಾಗ ಸ್ಕ್ರೂ ತಂತಿಯನ್ನು ಚುಚ್ಚಿರಬಹುದು. ಸೀಟಿನ ಕಾಲಿನ ಕೆಳಗೆ ಸಿಕ್ಕಿಕೊಂಡಿರಬಹುದು. ಆಗ ದೊಡ್ಡ ಫ್ಯೂಸು ಹಾಕುವುದಾಗಲಿ ತಾಮ್ರದ ಎಳೆ ಸುತ್ತುವುದಾಗಲಿ ಕೂಡದು. ಫ್ಯೂಸು ಉರಿಯುವುದು ತಂತಿ ಉರಿಯದಿರಲೆಂದು. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳ ಹೋಗುವುದಿಲ್ಲ. ಕಾರಿಗೆ ಬೆಂಕಿ ಬೀಳುತ್ತದೆ.

ಫ್ಯೂಸು ಸರಿಯಾಗಿದ್ದರೆ ಸೆಟ್ಟಿನ ಹಿಂದೆ ಮೂರು ತಂತಿಗಳನ್ನು ಅಳೆಯಿರಿ. ಅಂಗಡಿಯಲ್ಲಿ ಬೇರೆಯಾಗಿ ಕೊಂಡು ಕೂರಿಸಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿಯಲ್ಲಿ ಯಾವಾಗಲೂ ೧೨ ವೋಲ್ಟು ಇರಬೇಕು. ಗಡಿಯಾರ ಮತ್ತು ನಿಲಯಗಳ ನೆನಪು ಅದರಿಂದ ಉಳಿಯುತ್ತದೆ. ಕೆಂಪಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಇರಬೇಕು. ಕಪ್ಪು ಒಡಲಿಗೆ ಹೋಗುವುದು. ಕಾರು ತಯಾರಿಸಿದವರು ಹಾಕಿದ ತಂತಿಗಳ ಬಣ್ಣ ಬೇರೆಯಿರಬಹುದು. ಅಲ್ಲಿ ಬಣ್ಣವನ್ನು ನಂಬದೆ ಮೀಟರನ್ನು ನಂಬಿ. ಕೀಲಿ ತೆಗೆದಾಗಲೆಲ್ಲ ಸೆಟ್ಟು ನಿಲಯಗಳನ್ನು ಮರೆತರೆ ಹಳದಿಗೆ ವಿದ್ಯುತ್ತಿಲ್ಲ, ಇಲ್ಲವೆ ಹಳದಿ ಕೆಂಪುಗಳು ಅದಲುಬದಲಾಗಿವೆ. ಬ್ಯಾಟರಿ ಬಿಚ್ಚಿ ಕಟ್ಟಿದ ಮೇಲೆ ಸೆಟ್ಟು ಗುಪ್ತಸಂಖ್ಯೆ ಕೇಳಿದರೆ ಅದು ರೋಗವಲ್ಲ. ಕೆಲವು ಸೆಟ್ಟುಗಳಿಗೆ ಕಳ್ಳರಿಂದ ಕಾಯಲು ಆ ಏರ್ಪಾಡು ಇರುತ್ತದೆ. ಸಂಖ್ಯೆಯನ್ನು ಕಾರಿನ ಕಾಗದಪತ್ರಗಳಲ್ಲಿ ಹುಡುಕಿ.

ಫ್ಯಾನು, ದೀಪ, ಹಾರನ್ನು, ವೈಪರು ಇವುಗಳಲ್ಲೊಂದನ್ನು ಹಾಕಿದಾಗ ಸೆಟ್ಟು ಆರಿದರೆ ನನ್ನ ಕಾರಿನ ರೋಗವೇ ನಿಮ್ಮದೂ ಆಗಿರಬಹುದು. ಮೀಟರಿಲ್ಲದೆ ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಸೆಟ್ಟಿನ ಬೆನ್ನಿನಿಂದ ಏರಿಯಲ್ಲಿನ ಕೊಂಡಿಯನ್ನು ಕೀಳಿ. ಕಿತ್ತ ಕೂಡಲೇ ಸೆಟ್ಟೇ ಆರಿಹೋದರೆ ಕಪ್ಪು ತಂತಿಯ ದಾರಿ ಕಟ್ಟಿದೆ. ಪ್ರವಾಹ ಇಷ್ಟು ಹೊತ್ತು ಏರಿಯಲ್ಲಿನ ಹೊರಕವಚದ ಕಳ್ಳದಾರಿಯಿಂದ ಮನೆಗೆ ಹೋಗುತ್ತಿತ್ತೆಂದು ತಿಳಿಯಬಹುದು.

ಇನ್ನು ಸೆಟ್ಟಿಗೆ ಜೀವವಿದ್ದು ಸ್ಪೀಕರು ಮಾತಾಡದಿದ್ದರೆ. ನನ್ನ ಕಾರಿನ ಎಡ ಬಾಗಿಲಿನ ಕಥೆ ಸುಲಭವಾಗಿತ್ತು. ಬಣ್ಣಕ್ಕಾಗಿ ಬಾಗಿಲಿನ ಒಳಹೊದಿಕೆ ತೆಗೆದವರು ಸ್ಪೀಕರಿನ ಕೊಂಡಿ ಸಿಕ್ಕಿಸುವುದನ್ನು ಮರೆತಿದ್ದರು. ಬಾಗಿಲಿಗೂ ಒಡಲಿಗೂ ನಡುವೆ ರಬ್ಬರಿನ ಕೊಳವೆಯೊಳಗೆ ಹಾಯುವ ತಂತಿ ತುಂಡಾಗಿರುವುದೂ ಉಂಟು. ಬಾಗಿಲು ತೆರೆದು ಮುಚ್ಚಿದಾಗ ಸದ್ದು ಬಂದು ಹೋದರೆ ಅಲ್ಲಿ ನೋಡಿ. ಸ್ಪೀಕರು ಸತ್ತಿದೆಯೋ ಇಲ್ಲವೋ ತಿಳಿಯಲು ಅದನ್ನು ಸೆಟ್ಟಿನಿಂದ ಪೂರಾ ಬೇರೆಮಾಡಿ, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಅದರ ಎರಡು ತುದಿಗಳಿಗೆ ಕ್ಷಣಮಾತ್ರ ತಾಗಿಸಿ. “ಟಕ್” ಎಂದರೆ ಬದುಕಿದೆ.

ಇಲ್ಲಿ ಬಹುಮಂದಿ ಮಾಡುವ ಒಂದು ತಪ್ಪನ್ನು ಹೇಳಬೇಕು. ಕಾರಿನಲ್ಲಿ ಎಲ್ಲಕ್ಕೂ ಒಡಲೇ ಹಿಂದಿರುಗುವ ದಾರಿ ಎಂದೆನಷ್ಟೆ. ಸ್ಪೀಕರು ಅದಕ್ಕೆ ಅಪವಾದ. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ತಂತಿಗಳೂ ಸೆಟ್ಟಿಗೇ ಹಿಂದಿರುಗಬೇಕು. ಅವುಗಳಲ್ಲಿ ಒಂದಾದರೂ ತಗಡನ್ನು ಮುಟ್ಟಿದರೆ ಸೆಟ್ಟು ತನ್ನನ್ನು ತಾನು ಕಾಪಾಡಿಕೊಳ್ಳಲು ಎಲ್ಲ ಸ್ಪೀಕರುಗಳ ಬಾಯನ್ನೂ ಮುಚ್ಚಬಹುದು. ಆ ಏರ್ಪಾಡಿಲ್ಲದಿದ್ದರೆ ಒಳಗೆ ಸುಟ್ಟುಹೋಗಲೂಬಹುದು. ಆದ್ದರಿಂದ ತಂತಿ ಸಾಲದೆಂದು ಸ್ಪೀಕರಿನ ಒಂದು ತುದಿಯನ್ನು ಒಡಲಿಗೆ ಕಟ್ಟಬೇಡಿ. ಎರಡು ತಂತಿಗಳ ಧನ ಋಣಗಳೂ ಅದಲುಬದಲಾಗಬಾರದು. ಒಂದು ಬಾಗಿಲಿನಲ್ಲಿ ಸರಿಯಾಗಿ ಇನ್ನೊಂದರಲ್ಲಿ ತಿರುವುಮುರುವಾದರೆ ಎರಡು ಸ್ಪೀಕರುಗಳು ಒಂದನ್ನೊಂದು ಎದುರಿಸುತ್ತವೆ. ಮೃದಂಗದ ಎಡಗೈಯ ಗಂಭೀರ ನಾದ ಸೊರಗಿ ಬಲಗೈಯ ಚಟಕು ಮಾತ್ರ ಕೇಳುತ್ತದೆ. ಬಾಗಿಲಿನ ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆಯನ್ನು ಬೇಡದ ಕಸವೆಂದು ಎಸೆಯದಂತೆಯೂ ನೋಡಿಕೊಳ್ಳಿ. ಗಾಜಿನ ಸಂದಿನಿಂದ ಇಳಿಯುವ ಮಳೆನೀರು ಒಳಹೊದಿಕೆಗೂ ಸ್ಪೀಕರಿಗೂ ತಗಲದಂತೆ ತಡೆಯಲು ಅದನ್ನು ಅಂಟಿಸಿರುತ್ತಾರೆ.

ಚಟಪಟ ಸದ್ದಿನ ಕಾರಣವೂ ಬಣ್ಣವೇ ಆಗಿತ್ತು. ನನ್ನ ಏರಿಯಲ್ಲು ನಿಂತಿರುವುದು ಹೊಸ ಮಡ್‌ಗಾರ್ಡಿನ ಮೇಲೆ. ಏರಿಯಲ್ಲಿನ ತಂತಿಯಲ್ಲಿ ನಡುವೆ ಒಂದು ಎಳೆ, ಸುತ್ತಲೂ ಬಲೆಯಂಥ ಕವಚ. ಆ ಕವಚ ಬುಡದಲ್ಲಿ ತಗಡನ್ನು ಮುಟ್ಟಿದ್ದರೆ ಮಾತ್ರ ಏರಿಯಲ್ಲು ಸರಿಯಾಗಿ ಕೆಲಸ ಮಾಡುತ್ತದೆ. ಎಂಜಿನಿನ ಕಿಡಿಗಳ ಗದ್ದಲವೂ ಒಳಗೆ ಬರುವುದಿಲ್ಲ. ಬುಡದ ಕೆಳಭಾಗದಲ್ಲಿ ತಗಡನ್ನು ಉಜ್ಜಿದ ಮೇಲೆ ಧ್ವನಿ ತಿಳಿಯಾಯಿತು. ನಡುವಿನ ಎಳೆಗೂ ಕವಚಕ್ಕೂ ಪರಸ್ಪರ ಸ್ಪರ್ಶವಿರಬಾರದು. ಮಾಡಿನ ಮೇಲಿರುವ ಏರಿಯಲ್ಲುಗಳಲ್ಲಿ ಕೆಲವಕ್ಕೆ ಬುಡದಲ್ಲಿ ಸಣ್ಣ ಧ್ವನಿವರ್ಧಕವಿರುತ್ತದೆ. ಅದಕ್ಕೂ ವಿದ್ಯುತ್ತು ಬೇಕು. ಸಾಮಾನ್ಯವಾಗಿ ಸೆಟ್ಟಿನ ನೀಲಿ ತಂತಿ ಅದನ್ನು ಒದಗಿಸುತ್ತದೆ. ಮಾಡಿಗೆ ಬಣ್ಣ ಹೊಡೆಸಿದ ಮೇಲೆ ನಿಲಯ ಸಿಗದಾದರೆ ಆ ತಂತಿಯನ್ನು ಸೇರಿಸಿದ್ದಾರೆಯೇ ನೋಡಿ.

ಎಂಜಿನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಕೊಯ್ಯೆಂಬ ಸದ್ದು ಕೇಳಿದರೆ ಅದು ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರಿನದು. ಅದೂ ಬಹುಮಟ್ಟಿಗೆ ಅರ್ತಿನ ದೋಷವೇ. ಎಂಜಿನಿಗೂ ಒಡಲಿಗೂ ನಡುವಿನ, ಕೆಲವು ಕಾರುಗಳಲ್ಲಿ ಬಾನೆಟ್ಟಿಗೂ ಒಡಲಿಗೂ ನಡುವಿನ ಹೆಣೆದ ಪಟ್ಟಿಯನ್ನು ಬಿಚ್ಚಿದವರು ಮತ್ತೆ ಕಟ್ಟಿದ್ದಾರೆಯೇ ನೋಡಿ. ಈ ಜಗಳ ಹೊಸದೇನೂ ಅಲ್ಲ. ಅಮೆರಿಕದಲ್ಲಿ ೧೯೩೦ರಲ್ಲಿ ‘ಮೋಟರೋಲ’ ಎಂಬ ಹೆಸರಿನಿಂದ ಕಾರಿನ ರೇಡಿಯೋ ಮಾರಾಟಕ್ಕೆ ತಂದವರಿಗೂ ಎಂಜಿನಿನ ಗದ್ದಲವನ್ನು ಅಡಗಿಸುವುದೇ ದೊಡ್ಡ ತೊಡಕಾಗಿತ್ತು.

ಎಚ್ಚರಿಕೆಯ ಕೆಲವು ಮಾತುಗಳನ್ನು ಬಿಡುವಂತಿಲ್ಲ. ತಂತಿಗೆ ಕೈ ಹಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ. ಕಟ್ಟುವಾಗ ಅದನ್ನೇ ಕಡೆಯಲ್ಲಿ ಕಟ್ಟಿ. ಧನ ತುದಿಯನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರು ಒಡಲಿಗೆ ತಾಗಿ ಕಿಡಿ ಹಾರುತ್ತದೆ. ಅಳೆಯುವಾಗ ಮಾತ್ರ ಬ್ಯಾಟರಿ ಸೇರಿರಬೇಕಷ್ಟೆ. ಗಾಳಿಚೀಲವಿರುವ ಕಾರುಗಳಲ್ಲಿ ಅದರ ತಂತಿಗಳ ಕೊಂಡಿ ಅಥವಾ ಹೊದಿಕೆ ಸಾಮಾನ್ಯವಾಗಿ ಹಳದಿ. ಸೆಟ್ಟಿನ ಹಳದಿ ತಂತಿಯೆಂದು ಭ್ರಮಿಸಿ ಅದಕ್ಕೆ ಮೀಟರಾಗಲಿ ದೀಪವಾಗಲಿ ತಾಗಿಸಕೂಡದು. ಚೀಲ ಸಿಡಿದರೆ ಪ್ರಾಣಕ್ಕೇ ಅಪಾಯ. ಅಂಥ ಕಡೆ ಬಲ್ಲವರನ್ನೇ ಕರೆಯಿರಿ. ತಗಡು ಬೆಸೆಯುವಾಗ ಬ್ಯಾಟರಿ ಬಿಚ್ಚಿ, ಬೆಸೆಯುವ ಯಂತ್ರದ ಹಿಂದಿರುಗುವ ಹಿಡಿಕೆಯನ್ನು ಬೆಸೆಯುವ ಜಾಗದ ಹತ್ತಿರವೇ ಕಟ್ಟಬೇಕೆಂದು ಗ್ಯಾರೇಜಿನವರಿಗೆ ನೆನಪಿಸಿ. ದೂರ ಕಟ್ಟಿದರೆ ಆ ಭಾರಿ ಪ್ರವಾಹ ಸಿಕ್ಕ ದಾರಿಯಲ್ಲಿ ಹರಿದು ಸೂಕ್ಷ್ಮ ಉಪಕರಣಗಳನ್ನು ಸುಡಬಹುದು.

ಇಷ್ಟನ್ನೆಲ್ಲ ಆಮೇಲೆ ಮಾಡುವುದಕ್ಕಿಂತ ಮೊದಲೇ ಅರ್ಧ ಗಂಟೆ ವ್ಯಯಿಸುವುದು ಲೇಸು. ಕಾರನ್ನು ಬಿಡುವ ದಿನ ಗ್ಯಾರೇಜಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರೇಡಿಯೋ, ಒಂದೊಂದು ಸ್ಪೀಕರು, ಫ್ಯಾನು, ದೀಪ, ಹಾರನ್ನು ಎಲ್ಲ ಸರಿಯಾಗಿವೆಯೆಂದು ತೋರಿಸಿ, ಕೆಲಸದ ಚೀಟಿಯಲ್ಲಿ ಬರೆಸಿ. ಸೆಟ್ಟಿನ ನಂಬರನ್ನೂ ಬರೆದಿಟ್ಟುಕೊಳ್ಳಿ. ಇದು ಅಪನಂಬಿಕೆಯಲ್ಲ, ಅವರ ಮರ್ಯಾದೆಗೂ ಇದು ಕಾವಲು. ನನ್ನ ಹತ್ತಿರ ಆ ನಂಬರು ಕೈಯಳತೆಯಲ್ಲಿದ್ದಿದ್ದರೆ ಅಂದು ರಾತ್ರಿ ನಾನು ಫೋನು ಮಾಡುತ್ತಿರಲಿಲ್ಲ. ತರುವ ದಿನ ಹಣ ಕೊಡುವ ಮೊದಲು ಹತ್ತು ನಿಮಿಷ ಎಂಜಿನು ಓಡಿಸಿ, ರೇಡಿಯೋ ಹಾಕಿ, ಒಂದೊಂದೇ ಗುಂಡಿ ಒತ್ತಿ ನೋಡಿ. ಬಾಗಿಲುಗಳನ್ನು ತೆರೆದು ಮುಚ್ಚಿ. ಒಳಹೊದಿಕೆ ಮುಚ್ಚುವ ಮುನ್ನ ಅರ್ತಿನ ಬೋಲ್ಟುಗಳ ಕೆಳಗೆ ಬಣ್ಣ ಕೆರೆದಿದ್ದೀರಾ ಎಂದು ಒಂದು ಮಾತು ಕೇಳಿ. ಆ ಒಂದು ಪ್ರಶ್ನೆಯಿಂದ ಅರ್ಧಕ್ಕರ್ಧ ತೊಂದರೆ ನಿಲ್ಲುತ್ತದೆ.

ಆ ಹುಡುಗ ಈಗಲೂ ಅದೇ ಗ್ಯಾರೇಜಿನಲ್ಲಿದ್ದಾನೆ. ಬಣ್ಣ ಒಣಗಿದ ಕಾರುಗಳ ಅರ್ತಿನ ಬೋಲ್ಟುಗಳನ್ನೆಲ್ಲ ನೋಡಿ ಕೆರೆದು ಬಿಗಿಯುವ ಕೆಲಸವನ್ನು ಯಜಮಾನರು ಅವನಿಗೇ ವಹಿಸಿದ್ದಾರೆ. ಬಿಟ್ಟ ಪರೀಕ್ಷೆಯನ್ನು ಮುಗಿಸಲು ಅವನು ಭಾನುವಾರಗಳಲ್ಲಿ ನನ್ನಲ್ಲಿಗೆ ಕನ್ನಡ ಓದಲು ಬರುತ್ತಾನೆ. ಮೊನ್ನೆ ಅಧ್ಯಾಹಾರದ ಪಾಠ ಬಂದಿತ್ತು. ಉದಾಹರಣೆ ಕೊಡು ಎಂದೆ. ಪುಸ್ತಕದ ವಾಕ್ಯ ಹೇಳುವ ಬದಲು ಅವನು ಕಿಟಕಿಯಾಚೆ ನಿಂತಿದ್ದ ನನ್ನ ಕಾರನ್ನು ತೋರಿಸಿದ. ಪೂರ್ತಿ ಅಂಕ ಕೊಟ್ಟೆ.